ಇವ ಯಾರಿಗೆ ಬೈತಿದ್ದಾನೆ?

ಅಡಿಕೆ ಸುಲಿಯುವ ಹೊತ್ತಿಗೆ ಊರಿಗೆ ಹೋದರೆ ಯಾರೂ ನಮ್ಮನ್ನು ನೆಂಟರು ಅಂತ ನೋಡುವುದಿಲ್ಲ. ಕಾಫಿ ಕುಡಿದು ಲೋಟ ಕೆಳಗಿಡುವಷ್ಟರಲ್ಲಿ ಮುಂದೆ ಒಂದು ಮೆಟ್ಟುಗತ್ತಿ ಬಂದಿರುತ್ತದೆ. 2023ರ ಡಿಸೆಂಬರಿನಲ್ಲಿ ಸಾಗರದ ಹತ್ತಿರದ ದೊಡ್ಡಪ್ಪನ ಮನೆಯಲ್ಲಿ ನನಗೆ ಆಗಿದ್ದೂ ಅದೇ. ರಾತ್ರಿ ಊಟ ಮುಗಿಸಿ, ಅಂಗಳದಲ್ಲಿ ಬಲ್ಬು ಹಾಕಿಕೊಂಡು ಏಳೆಂಟು ಜನ ಕೂತಿದ್ದೆವು. ಒಂದು ಕಡೆ ಅಡಿಕೆ ರಾಶಿ, ಇನ್ನೊಂದು ಕಡೆ ಸಿಪ್ಪೆ ರಾಶಿ. ನಾನು ಹತ್ತು ಸುಲಿಯುವಷ್ಟರಲ್ಲಿ ಪಕ್ಕದ ಮನೆ ಅಜ್ಜಿ ಐವತ್ತು ಸುಲಿದಿರುತ್ತಿದ್ದರು, ಅದೂ ಕೈ ಕಡೆ ನೋಡದೆ.

ಸುಲಿಯುವಾಗ ಕಿವಿಗೆ ಏನಾದರೂ ಬೀಳುತ್ತಿರಬೇಕು, ಇಲ್ಲದಿದ್ದರೆ ನಿದ್ದೆ. ದಿನಾ ತಾಳಮದ್ದಳೆ, ಅಂದರೆ ವೇಷ ಕುಣಿತ ಇಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನ, ಹಾಕುತ್ತಿದ್ದರಂತೆ. ಅವತ್ತು ದೊಡ್ಡಪ್ಪ, "ಇವತ್ತು ಬೆಂಗಳೂರಿನವರ ಪಾಳಿ. ನಿಂದೇ ಏನಾದ್ರೂ ಹಾಕು ತಂಗಿ" ಎಂದರು. ಆಗಸ್ಟಿನಿಂದ ನಾನು ಮೆಟ್ರೋದಲ್ಲಿ, ಅಡುಗೆಮನೆಯಲ್ಲಿ ಬಿಡದೆ ಕೇಳುತ್ತಿದ್ದ ಆಲ್ಬಮ್ ಹಾಕಿದೆ. ನೈಜೀರಿಯಾದ ಬರ್ನಾ ಬಾಯ್‌ನ 'ಐ ಟೋಲ್ಡ್ ದೆಮ್'. 'ನಾನು ಹೇಳಿದ್ನಲ್ಲ ಅವರಿಗೆ' ಅಂತ ಅರ್ಥ.

ದೊಡ್ಡಪ್ಪ ಅರ್ಧ ಗಂಟೆ ಏನೂ ಮಾತಾಡಲಿಲ್ಲ. ಕೊನೆಯದಕ್ಕೆ ಮುಂಚಿನ ಹಾಡು ಬಂತು. ಹೆಸರು 'ಥ್ಯಾಂಕ್ಸ್'. ಅದು ಅರ್ಧ ಆಗಿರಬಹುದು, ಕತ್ತಿಯಿಂದ ಕಣ್ಣು ತೆಗೆಯದೆ ಕೇಳಿದರು: "ಇವ ಯಾರಿಗೆ ಬೈತಿದ್ದಾನೆ?"

"ಬೈತಿಲ್ಲ ದೊಡ್ಡಪ್ಪಾ, ಹಾಡ್ತಿದ್ದಾನೆ."

"ಹಾಡ್ತಿದ್ದಾನೆ, ಸರಿ. ಯಾರಿಗೆ ಬೈತಿದ್ದಾನೆ ಅಂತ ಕೇಳಿದ್ದು."

ದೊಡ್ಡಪ್ಪನಿಗೆ ಇಂಗ್ಲಿಷ್ ಬರುವುದಿಲ್ಲ. ಬಂದಿದ್ದರೂ ಪೂರ್ತಿ ಉಪಯೋಗ ಆಗುತ್ತಿರಲಿಲ್ಲ, ಆ ಹಾಡಿನಲ್ಲಿ ನೈಜೀರಿಯಾದ ಪಿಜಿನ್, ಅಂದರೆ ಇಂಗ್ಲಿಷಿಗೆ ಅಲ್ಲಿನ ಮಾತು ಬೆರೆತ ಆಡುಭಾಷೆ, ಸೇರಿದೆ. ಆದರೆ ನಲವತ್ತು ವರ್ಷ ತಾಳಮದ್ದಳೆ ಕೇಳಿದ ಕಿವಿ ಅದು. ಮಾತು ತಿಳಿಯದಿದ್ದರೂ ಮಾತಿನ ಮುಖ ಯಾವ ಕಡೆ ತಿರುಗಿದೆ ಅಂತ ಗೊತ್ತಾಗುತ್ತದೆ. ನಾಲ್ಕು ತಿಂಗಳಿನಿಂದ ಈ ಆಲ್ಬಮ್ ಬಗ್ಗೆ ನಾನು ಸಿಕ್ಕಿದ್ದೆಲ್ಲ ಓದಿದ್ದೆ. ಚೆನ್ನಾಗಿದೆ ಅಂದವರು, ಜಂಬ ಜಾಸ್ತಿ ಅಂದವರು, ಹಳೆಯದೇ ಚೆನ್ನಾಗಿತ್ತು ಅಂದವರು. ಈ ಪ್ರಶ್ನೆಯನ್ನು ಇಷ್ಟು ನೇರವಾಗಿ ಕೇಳಿದವರು ನನಗೆ ಸಿಕ್ಕಿರಲಿಲ್ಲ. ಆಲ್ಬಮ್ಮಿನ ಹೆಸರಲ್ಲೇ 'ಅವರು' ಇದ್ದಾರೆ. ಯಾರು ಆ ಅವರು?

ಅವತ್ತು ದೊಡ್ಡಪ್ಪನಿಗೆ ಸರಿಯಾಗಿ ಹೇಳಲಾಗಲಿಲ್ಲ. ಈಗ ಹೇಳಲು ನೋಡುತ್ತೇನೆ.

ಬರ್ನಾ ಬಾಯ್ ಅಂದರೆ ಡಾಮಿನಿ ಒಗುಲು. 1991ರಲ್ಲಿ ಪೋರ್ಟ್ ಹಾರ್ಕೋರ್ಟ್‌ನಲ್ಲಿ ಹುಟ್ಟಿದವನು. ಎಣ್ಣೆ ಬಾವಿಗಳ ಕಡೆಯ ಊರು ಅದು. ಅಜ್ಜ ಬೆನ್ಸನ್ ಇದೊನಿಜೆ ಒಂದು ಕಾಲದಲ್ಲಿ ನೈಜೀರಿಯಾದ ಹೆಸರಾಂತ ಸಂಗೀತಗಾರ ಫೆಲಾ ಕುಟಿಯ ಮ್ಯಾನೇಜರ್ ಆಗಿದ್ದವರು. ತಾಯಿ ಬೋಸೆ ಒಗುಲು ಮಗನ ಮ್ಯಾನೇಜರ್. ಇಲ್ಲೊಂದು ಸಣ್ಣ ಗೊಂದಲ ತೀರಿಸಿಬಿಡುತ್ತೇನೆ. ಫೆಲಾ ಮಾಡುತ್ತಿದ್ದದ್ದು ಆಫ್ರೋಬೀಟ್. ಕಹಳೆ, ಡ್ರಮ್ಮು, ಅರ್ಧ ಗಂಟೆಗೂ ಮುಗಿಯದ ಹಾಡು, ಸರ್ಕಾರದ ಮೇಲೆ ನೇರ ವಾಗ್ದಾಳಿ. ಈಗ ರೀಲ್ಸುಗಳಲ್ಲಿ ಕೇಳುವುದು ಆಫ್ರೋಬೀಟ್ಸ್. ಕೊನೆಗೆ ಒಂದು 'ಸ್' ಸೇರಿದೆ, ಅಷ್ಟೇ. ಸಂಗೀತ ಬೇರೆಯೇ. ಆ 'ಸ್' ಸೇರಿದ ಹೆಸರು ಹೆಚ್ಚಾಗಿ ಲಂಡನ್ನಿನ ಕ್ಲಬ್ಬು, ರೇಡಿಯೋಗಳಿಂದ ಹರಡಿದ್ದು. ಬರ್ನಾಗೆ ಅದು ಯಾವತ್ತೂ ಹಿಡಿಸಲಿಲ್ಲ. ತನ್ನದು ಆಫ್ರೋ-ಫ್ಯೂಷನ್ ಅಂತ ಮೊದಲಿನಿಂದ ಹೇಳಿಕೊಂಡು ಬಂದಿದ್ದಾನೆ.

2019ರ ಜನವರಿಯಲ್ಲಿ ಅಮೆರಿಕದ ಕೋಚೆಲ್ಲಾ ಸಂಗೀತೋತ್ಸವದ ಪೋಸ್ಟರ್ ಬಂತು. ಮೇಲೆ ದೊಡ್ಡವರ ಹೆಸರು ದೊಡ್ಡ ಅಕ್ಷರದಲ್ಲಿ, ಕೆಳಗೆ ಉಳಿದವರು ಇರುವೆ ಸಾಲಿನಂತೆ. ಬರ್ನಾ ಇರುವೆ ಸಾಲಿನಲ್ಲಿದ್ದ. ನಾನು ಆಫ್ರಿಕದ ದೈತ್ಯ, ಈ ಪುಟಾಣಿ ಅಕ್ಷರಕ್ಕೆ ಇಳಿಯುವವನಲ್ಲ ಅಂತ ಇನ್‌ಸ್ಟಾಗ್ರಾಮಿನಲ್ಲಿ ಹಾಕಿಬಿಟ್ಟ. ಜನ ನಕ್ಕರು, ಅವನ ಊರಿನವರೂ ನಕ್ಕರು. ಮದುವೆ ಕಾಗದದಲ್ಲಿ ತನ್ನ ಹೆಸರು ಎಷ್ಟನೇ ಸಾಲಿನಲ್ಲಿದೆ ಅಂತ ನೋಡುವ ಮಾವಂದಿರ ಹಾಗೆ ಕಂಡಿತು ಅವರಿಗೆ. ಅವನು ಅದೇ ಮಾತನ್ನು ಹೆಸರು ಮಾಡಿಕೊಂಡು ಜುಲೈನಲ್ಲಿ 'ಆಫ್ರಿಕನ್ ಜೈಂಟ್' ಆಲ್ಬಮ್ ತಂದ. ನಗು ನಿಂತಿತು.

ಅದರಲ್ಲಿ 'ಅನದರ್ ಸ್ಟೋರಿ' ಅಂತ ಒಂದು ಹಾಡಿದೆ, ಘಾನಾದ ರ್‍ಯಾಪರ್ ಎಂ.ಅನಿಫೆಸ್ಟ್ ಜೊತೆ. ಹಾಡಿಗೆ ಮುಂಚೆ ಒಂದು ದನಿ ತಣ್ಣಗೆ ಪಾಠ ಒಪ್ಪಿಸುತ್ತದೆ. 1900ರಲ್ಲಿ ಬ್ರಿಟಿಷ್ ಸರ್ಕಾರ ನೈಜರ್ ಕಂಪನಿಯಿಂದ ಈಗಿನ ನೈಜೀರಿಯಾದ ಆಡಳಿತ ವಹಿಸಿಕೊಂಡಿತು. ಅದಕ್ಕಾಗಿ ಕಂಪನಿಗೆ ಕೊಟ್ಟಿದ್ದು 8,65,000 ಪೌಂಡ್. ಅಂದರೆ ಒಂದು ದೇಶ ಶುರುವಾಗಿದ್ದೇ ವ್ಯಾಪಾರದ ಲೆಕ್ಕವಾಗಿ. ಕೊನೆಗೆ ದನಿ ಸುಮ್ನೆ ಹೋಗುವ ಹಾಗೆ ಒಂದು ಮಾತು ಸೇರಿಸುತ್ತದೆ: ಆ ಕಂಪನಿ ಈಗಲೂ ಇದೆ, ಹೆಸರು ಮಾತ್ರ ಯೂನಿಲಿವರ್, ಅದು ಬೇರೆ ಕಥೆ ಬಿಡಿ.

ಮೊದಲ ಸಲ ಇದನ್ನು ಕೇಳಿದಾಗ ನಾನು ಬಟ್ಟೆ ನೆನೆಹಾಕುತ್ತಿದ್ದೆ. ಕೈಯಲ್ಲಿದ್ದ ಸರ್ಫ್ ಪ್ಯಾಕೆಟ್ ತಿರುಗಿಸಿ ನೋಡಿದೆ. ಹಿಂದೂಸ್ತಾನ್ ಯೂನಿಲಿವರ್. ಸೋಪಿನ ಲಿವರ್ ಕಂಪನಿ 1920ರಲ್ಲಿ ನೈಜರ್ ಕಂಪನಿಯನ್ನು ಕೊಂಡುಕೊಂಡಿತ್ತು. ನಮಗೆ ಈಸ್ಟ್ ಇಂಡಿಯಾ ಕಂಪನಿ ಶಾಲೆ ಪುಸ್ತಕದಲ್ಲಿ ಬರುತ್ತದೆ, ಅಂಕಕ್ಕೆ ಬರೆದು ಮರೆಯುತ್ತೇವೆ. ಇವನು ಅಂಥದ್ದೇ ಕಥೆಯನ್ನು ಕುಣಿಯುವ ಹಾಡುಗಳ ನಡುವೆ ಇಟ್ಟಿದ್ದ. ಆಲ್ಬಮ್ ಮುಗಿಯುವುದು ತಾಯಿಯ ದನಿಯಲ್ಲಿ. ಆ ವರ್ಷ ಅಮೆರಿಕದ ಬಿಇಟಿ ಪ್ರಶಸ್ತಿಯನ್ನು ಮಗನ ಪರವಾಗಿ ತೆಗೆದುಕೊಳ್ಳುವಾಗ ಆಕೆ ಆಡಿದ ಮಾತು: ನೀವು ಮತ್ತೇನೋ ಆಗುವ ಮುಂಚೆ ಆಫ್ರಿಕದವರಾಗಿದ್ದಿರಿ, ನೆನಪಿರಲಿ.

ಹೊರದೇಶದ ವಿಮರ್ಶಕರಿಗೆ ಇವೆರಡೂ ಕೈಗೆ ಸಿಕ್ಕ ಹಿಡಿಕೆಗಳು. ಫೆಲಾ ಮ್ಯಾನೇಜರನ ಮೊಮ್ಮಗ, ರಾಜಕೀಯ ಪ್ರಜ್ಞೆ, ಆಫ್ರಿಕದ ದನಿ, ಹೀಗೆ ಬರವಣಿಗೆ ಸಲೀಸಾಯಿತು. ಅದೇ ಆಲ್ಬಮ್ಮಿನ 'ಕಿಲಿನ್ ಡೆಮ್' ಹಾಡಿಗೆ ಲಾಗೋಸಿನಲ್ಲಿ ಹುಡುಗರು ಕಾಲು ಕೆದರಿ ಜಾಂಕು ಕುಣಿಯುತ್ತಿದ್ದರು. ಅವರಿಗೆ ಯಾರೂ ಆಫ್ರಿಕ ಪರಿಚಯಿಸಬೇಕಿರಲಿಲ್ಲ. ಅವರ ತಕರಾರು, ಮೆಚ್ಚುಗೆ ಎರಡೂ ಬೇರೆ. ಯಾರ ಹಾಡು ಜಾಸ್ತಿ ಓಡಿತು, ಯಾರು ಯಾರನ್ನು ಕೆಣಕಿದರು, ಯಾವ ಸಾಲು ಎಲ್ಲಿಂದ ಎತ್ತಿದ್ದು. ನಾನು ಮಾತ್ರ ಹೊರಗಿನವರ ಕಿವಿಯಲ್ಲೇ ಕೇಳಿದೆ. ಒಪ್ಪಿಕೊಳ್ಳಲು ಕಷ್ಟ, ಆದರೂ ನಿಜ. ಪಿಜಿನ್ ಪದಗಳ ಅರ್ಥ ಹುಡುಕಲು ಶುರುಮಾಡಿದ್ದು ಎರಡು ವರ್ಷ ಆದಮೇಲೆ. 'ವೆಟಿನ್' ಅಂದರೆ 'ಏನು', 'ವಹಾಲಾ' ಅಂದರೆ ರಗಳೆ. ಅಲ್ಲಿಯವರೆಗೆ ನನಗೆ ಎಲ್ಲವೂ 'ಎಂಥ ತಾಳ!'

ಸರಿ, ಆಗ 'ಅವರು' ಯಾರು ಅನ್ನುವುದರಲ್ಲಿ ಗೊಂದಲವೇ ಇರಲಿಲ್ಲ. ಪೋಸ್ಟರ್ ಮಾಡಿದವರು. ಕಂಪನಿ ಮಾರಿದವರು, ಕೊಂಡವರು. ಮೇಲೆ ಕೂತವರು.

ಮುಂದಿನ ಜನವರಿಯಲ್ಲಿ ಗ್ರ್ಯಾಮಿ. 'ವರ್ಲ್ಡ್ ಮ್ಯೂಸಿಕ್' ವಿಭಾಗದಲ್ಲಿ 'ಆಫ್ರಿಕನ್ ಜೈಂಟ್' ಇತ್ತು, ಗೆದ್ದಿದ್ದು ಬೆನಿನ್ ದೇಶದ ಆಂಜೆಲೀಕ್ ಕಿಜೊ. ಅದೇ ಆಲ್ಬಮ್ಮಿನ ಒಂದು ಹಾಡಿನಲ್ಲಿ ಅವನ ಜೊತೆ ಹಾಡಿದ್ದ ಹಿರಿಯಕ್ಕ. ವೇದಿಕೆ ಮೇಲೆ ನಿಂತು ಪ್ರಶಸ್ತಿಯನ್ನು ಬರ್ನಾಗೆ ಅರ್ಪಿಸಿದರು. ಅವನ ಸಂಕಟ ಅದರಿಂದ ಕಮ್ಮಿ ಆಗಲಿಲ್ಲ ಅಂತ ಮುಂದಿನ ಆಲ್ಬಮ್ 'ಟ್ವೈಸ್ ಆಸ್ ಟಾಲ್'ನ ಮೊದಲ ಹಾಡಿನಲ್ಲೇ ಗೊತ್ತಾಗುತ್ತದೆ. ಆ ಆಲ್ಬಮ್ 2021ರಲ್ಲಿ ಗೆದ್ದಿತು. ಅಷ್ಟರಲ್ಲಿ ವಿಭಾಗದ ಹೆಸರು 'ಗ್ಲೋಬಲ್ ಮ್ಯೂಸಿಕ್' ಆಗಿತ್ತು. ಆ ಸಲ ಸೋತವರಲ್ಲಿ ನಮ್ಮ ಅನೌಷ್ಕಾ ಶಂಕರ್ ಕೂಡ ಇದ್ದರು.

ಆ 'ವರ್ಲ್ಡ್ ಮ್ಯೂಸಿಕ್' ಹೆಸರಿನ ಕಥೆಯೂ ಮಜವಾಗಿದೆ. 1987ರಲ್ಲಿ ಲಂಡನ್ನಿನ ಒಂದು ಪಬ್ಬಿನಲ್ಲಿ ಸಣ್ಣಪುಟ್ಟ ರೆಕಾರ್ಡ್ ಕಂಪನಿಯವರು ಸೇರಿ, ಅಂಗಡಿಯವರಿಗೆ ಎಲ್ಲಿ ಇಡಬೇಕು ಅಂತ ತಿಳಿಯದ ಕ್ಯಾಸೆಟ್ಟುಗಳಿಗೆಲ್ಲ ಒಂದು ಬೋರ್ಡು ಬೇಕು ಅಂತ ಆರಿಸಿಕೊಂಡ ಹೆಸರು. ಕಪಾಟಿನ ಚೀಟಿ ಅದು. ಮನೆಯಲ್ಲಿ ಯಾವ ಡಬ್ಬಿಗೂ ಸೇರದ್ದನ್ನು ಹಾಕಿಡುವ ಹಳೇ ಬಿಸ್ಕತ್ ಡಬ್ಬಿ ಇರುತ್ತದಲ್ಲ, ಹಾಗೆ.

ಈಗ 2023ಕ್ಕೆ ಬರೋಣ. ಜೂನಿನಲ್ಲಿ ಲಂಡನ್ ಸ್ಟೇಡಿಯಮ್ ತುಂಬಿಸಿದ. ಬ್ರಿಟನ್ನಿನಲ್ಲಿ ಆಫ್ರಿಕದ ಕಲಾವಿದನೊಬ್ಬ ಮುಖ್ಯ ಹೆಸರಾಗಿ ಸ್ಟೇಡಿಯಮ್ ತುಂಬಿಸಿದ್ದು ಅದೇ ಮೊದಲು. ಆಗಸ್ಟ್ 25ಕ್ಕೆ 'ಐ ಟೋಲ್ಡ್ ದೆಮ್' ಬಂತು, ಅವನ ಏಳನೇ ಆಲ್ಬಮ್. ಬ್ರಿಟನ್ನಿನ ಆಲ್ಬಮ್ ಪಟ್ಟಿಯಲ್ಲಿ ನೇರ ಮೊದಲ ಸ್ಥಾನ. ಅಂದರೆ ಪೋಸ್ಟರಿನ ಇರುವೆ ಸಾಲಿನಿಂದ ಇಲ್ಲಿಗೆ ನಾಲ್ಕೂವರೆ ವರ್ಷ. ಹೇಳಿದ್ನಲ್ಲ ಅನ್ನಲು ಹಕ್ಕಿತ್ತು.

ಆಲ್ಬಮ್ ರ್‍ಯಾಪಿನ ಕಡೆ ವಾಲಿದೆ, ಅದೂ 90ರ ದಶಕದ ನ್ಯೂಯಾರ್ಕ್ ರ್‍ಯಾಪಿನ ಕಡೆ. ಅಲ್ಲಿನ ಪ್ರಸಿದ್ಧ ತಂಡ ವೂ-ಟ್ಯಾಂಗ್ ಕ್ಲ್ಯಾನ್‌ನ ಜಿಝಾ ಮೊದಲ ಹಾಡಿನಲ್ಲಿ, ಆರ್‌ಝಡ್‌ಎ ಕೊನೆಯ ಭಾಗದಲ್ಲಿ. ಆ ತಂಡದ ಮೊದಲ ಆಲ್ಬಮ್ ಬಂದಾಗ ಬರ್ನಾಗೆ ಎರಡು ವರ್ಷ. ಅಮೆರಿಕದ ಗಾಯಕಿ ಬ್ರ್ಯಾಂಡಿಯ 1998ರ ಹಾಡೊಂದನ್ನು ಎತ್ತಿಕೊಂಡು ಕಟ್ಟಿದ 'ಸಿಟಿನ್ ಆನ್ ಟಾಪ್ ಆಫ್ ದ ವರ್ಲ್ಡ್'ನಲ್ಲಿ ರ್‍ಯಾಪರ್ 21 ಸ್ಯಾವೇಜ್ ಇದ್ದಾನೆ, 'ಥ್ಯಾಂಕ್ಸ್'ನಲ್ಲಿ ಇನ್ನೊಬ್ಬ ರ್‍ಯಾಪರ್ ಜೆ. ಕೋಲ್. ಬರ್ನಾ ಕಟ್ಟುನಿಟ್ಟಿನ ರ್‍ಯಾಪರ್ ಅಲ್ಲ. ಎದೆಯಿಂದ ಬರುವ ಒರಟು ದನಿಯಲ್ಲಿ ಅರ್ಧ ಹಾಡು, ಅರ್ಧ ಮಾತು. ಯೊರುಬಾ, ಪಿಜಿನ್, ಜಮೈಕದ ಒಗ್ಗರಣೆ. ನಡುವೆ 'ಡೇ ಪ್ಲೇ' ಅಂತ ಒಂದು ಹಾಡು. 'ಆಡ್ತಾ ಇರು ಮಗನೇ, ನೋಡೋಣ' ಅನ್ನುವ ಧಾಟಿಯ ಮಾತು ಅದು.

ಹೊರದೇಶದ ವಿಮರ್ಶೆ ಒಟ್ಟಿನಲ್ಲಿ ಒಳ್ಳೆಯದೇ ಬಂತು. ಹಳೆಯ ರ್‍ಯಾಪಿನ ನೆನಪು ಹಿತವಾಗಿದೆ ಅಂದರು. ತಕರಾರು ಬಂದ ಕಡೆ, ತನ್ನ ಹೊಗಳಿಕೆ ತಾನೇ ಹಾಡಿದ್ದು ಅತಿಯಾಯಿತು ಅನ್ನುವುದು ಮುಖ್ಯ. ನನಗೆ ಈ ತಕರಾರು ಅಷ್ಟಾಗಿ ಹಿಡಿಸಲಿಲ್ಲ. ಯಕ್ಷಗಾನ ನೋಡಿ ಬೆಳೆದವರಿಗೆ ಬಡಾಯಿ ದೋಷ ಅಂತ ಅನಿಸುವುದೇ ಇಲ್ಲ. ಒಡ್ಡೋಲಗ ಕುಣಿದು ಬಂದ ವೇಷ, ಭಾಗವತರು ಕೇಳಿದ ಮೇಲೆ, ನಾನು ಯಾರು, ನನ್ನ ಭುಜಬಲ ಎಂಥದ್ದು, ಮೂರು ಲೋಕ ಹೇಗೆ ನಡುಗುತ್ತದೆ ಅಂತ ಹೇಳಲೇಬೇಕು. ತಾಳಮದ್ದಳೆಯಲ್ಲಿ ಪಾತ್ರದ ಮಾತಾಡುವ ಅರ್ಥಧಾರಿಯ ಪೀಠಿಕೆಯೇ ಕಾಲು ಗಂಟೆ ಹೋಗುತ್ತದೆ. ಗದಾಯುದ್ಧದ ಕೌರವ ವಿನಯವಂತನಾಗಿದ್ದರೆ ಯಾರು ನಿದ್ದೆಗೆಟ್ಟು ಕೂರುತ್ತಾರೆ? ರ್‍ಯಾಪ್ ಕೂಡ ಹಾಗೆಯೇ, ಬಡಾಯಿ ಅದರ ಕಾಯಿದೆ.

ನೈಜೀರಿಯಾದಲ್ಲಿ ಎದ್ದ ಗಲಾಟೆ ಬೇರೆ. ಆಲ್ಬಮ್ ಬರುವ ಹೊತ್ತಿಗೆ ಆ್ಯಪಲ್ ಮ್ಯೂಸಿಕ್‌ನ ಸಂದರ್ಶನವೊಂದರಲ್ಲಿ ಬರ್ನಾ, ಆಫ್ರೋಬೀಟ್ಸ್‌ನಲ್ಲಿ ಸತ್ವವೇ ಇಲ್ಲ, ಯಾರೂ ಏನನ್ನೂ ಹೇಳುತ್ತಿಲ್ಲ, ಹಾಡುವವರಲ್ಲಿ ಶೇಕಡಾ 90ರಷ್ಟು ಜನಕ್ಕೆ ಬದುಕಿನ ಅನುಭವವೇ ಇಲ್ಲ ಅನ್ನುವ ಅರ್ಥದ ಮಾತಾಡಿದ. ತುಣುಕು ಕಾಡ್ಗಿಚ್ಚಿನಂತೆ ಹರಡಿತು. ತಾನು ಹತ್ತಿದ ಏಣಿಯನ್ನೇ ಒದ್ದ ಅಂತ ಅವನ ಊರಿನವರು ಹರಿಹಾಯ್ದರು.

ಇದರಲ್ಲಿ ನಾನು ಅವರ ಪರ. ಯಾಕೆ ಅಂದರೆ ಅವನ ಆಲ್ಬಮ್ಮೇ ಅವನ ಮಾತಿಗೆ ವಿರುದ್ಧ ಸಾಕ್ಷಿ ಹೇಳುತ್ತದೆ. ಈ 15 ತುಣುಕುಗಳಲ್ಲಿ ನನಗೆ ಅತಿ ಇಷ್ಟ 'ಟೆಸ್ಟೆಡ್, ಅಪ್ರೂವ್ಡ್ ಆ್ಯಂಡ್ ಟ್ರಸ್ಟೆಡ್'. ಅದರಲ್ಲಿ ಏನೂ ಇಲ್ಲ. ಒಬ್ಬ ಹುಡುಗಿ, ಒಂದಿಷ್ಟು ಸೊಂಟ ತಿರುಗಿಸುವ ತಾಳ. ಆದರೆ ದನಿ ತಾಳಕ್ಕಿಂತ ಕೂದಲೆಳೆ ಹಿಂದೆ ಉಳಿದು, ಅವಸರ ಯಾಕೆ ಅಂತ ಕೇಳುವ ಹಾಗೆ ಬರುತ್ತದೆ. ಅದಕ್ಕಿಂತ ಸತ್ವ ಇನ್ನೇನು ಬೇಕು? 'ಅನದರ್ ಸ್ಟೋರಿ'ಯಂಥ ಒಂದು ಹಾಡೂ ಈ ಆಲ್ಬಮ್ಮಿನಲ್ಲಿ ಇಲ್ಲ. ಬೇರೆಯವರು ಏನೂ ಹೇಳುತ್ತಿಲ್ಲ ಅಂದವನು, ತನ್ನ ಬಗ್ಗೆ ಬಿಟ್ಟು ಬೇರೆ ಹೆಚ್ಚೇನೂ ಹೇಳಲಿಲ್ಲ.

ಇನ್ನು 'ಥ್ಯಾಂಕ್ಸ್'. ದೊಡ್ಡಪ್ಪನ ಬಾಯಿ ತೆರೆಸಿದ ಹಾಡು. ನಿಮಗೋಸ್ಕರ ಇಷ್ಟೆಲ್ಲ ಮಾಡಿದೆ, ಇದೇನಾ ನೀವು ಹೇಳೋ ಥ್ಯಾಂಕ್ಸು, ಇಷ್ಟೇ ಅದರ ತಿರುಳು. ತನ್ನ ಮೇಲೆ ಬಂದ ಗಾಳಿಮಾತು, ತಾಯಿಯ ಬಗ್ಗೆ ಆಡಿಕೊಂಡದ್ದು ಎಲ್ಲ ಒಂದೊಂದಾಗಿ ಎಣಿಸುತ್ತಾನೆ. ಹೇಳುತ್ತಿರುವುದು ಕೋಚೆಲ್ಲಾದವರಿಗಲ್ಲ, ಕಂಪನಿಯವರಿಗಲ್ಲ. ತನ್ನ ಜನಕ್ಕೆ.

ಆ ಜನಕ್ಕೂ ಲೆಕ್ಕ ಇದೆ. 2020ರ ಅಕ್ಟೋಬರಿನಲ್ಲಿ 'ಸಾರ್ಸ್' ಎಂಬ ಪೊಲೀಸ್ ದಳದ ದೌರ್ಜನ್ಯದ ವಿರುದ್ಧ ನೈಜೀರಿಯಾದ ಹುಡುಗ ಹುಡುಗಿಯರು ಬೀದಿಗಿಳಿದರು. 20ನೇ ತಾರೀಕು ರಾತ್ರಿ ಲಾಗೋಸಿನ ಲೆಕ್ಕಿ ಟೋಲ್‌ಗೇಟ್ ಹತ್ತಿರ ಸೈನಿಕರು ಗುಂಡು ಹಾರಿಸಿದರು. ಮೊದಲ ದಿನಗಳಲ್ಲಿ, ಫೆಲಾ ಹೆಸರು ಹೇಳುವವನು ಎಲ್ಲಿ ಅಂತ ಜನ ಬರ್ನಾನನ್ನು ಕೇಳಿದ್ದರು. ತಿಂಗಳು ಮುಗಿಯುವ ಮುಂಚೆ ಆ ತಾರೀಕನ್ನೇ ಹೆಸರಾಗಿಟ್ಟು '20 10 20' ಎಂಬ ಹಾಡು ತಂದ. ಕೇಳಿದರೆ ಈಗಲೂ ಹೊಟ್ಟೆ ತೊಳಸುತ್ತದೆ. ಕೆಲವರಿಗೆ ಅದು ಸಾಕಾಯಿತು, ಕೆಲವರಿಗೆ ತಡವಾಯಿತು. ಅವನನ್ನು ಆಫ್ರಿಕದ ದನಿ ಅಂತ ಕರೆದವರು ಹೊರಗಿನವರು. ಆ ದನಿ ಬೇಕಾದಾಗ ಬಂತಾ ಅಂತ ನೋಡುವ ಪಾಡು ಒಳಗಿನವರದ್ದು.

ಇದಿಷ್ಟನ್ನು ದೊಡ್ಡಪ್ಪನಿಗೆ ಅವತ್ತು ಒಂದೇ ಸಾಲಿನಲ್ಲಿ ಹೇಳಿದ್ದೆ. "ಅವನ ಊರಿನವರಿಗೇ ಬೈತಿದ್ದಾನೆ ಅನ್ಸುತ್ತೆ ದೊಡ್ಡಪ್ಪಾ. ಇಷ್ಟು ದೊಡ್ಡವನಾದ್ರೂ ಅವರು ಒಪ್ಪಲ್ಲ ಅಂತ."

ದೊಡ್ಡಪ್ಪ ಒಂದು ಅಡಿಕೆ ಸುಲಿದು ಬುಟ್ಟಿಗೆ ಹಾಕಿದರು. "ಎದುರಿನ ವೇಷಕ್ಕೆ ಬೈಬೇಕು. ಸಭೆಗೆ ಬೈದ್ರೆ ಕೆಟ್ಟ" ಎಂದರು. ಆಮೇಲೆ ಯಾವುದೋ ಊರಿನಲ್ಲಿ, ಯಾವುದೋ ಕಾಲದಲ್ಲಿ, ಚಪ್ಪಾಳೆ ಬೀಳಲಿಲ್ಲ ಅಂತ ಅರ್ಥಧಾರಿಯೊಬ್ಬರು ಸಭಿಕರನ್ನೇ ಮೂದಲಿಸಿ, ಜನ ಎದ್ದು ಚಹಾ ಅಂಗಡಿಗೆ ಹೋದ ಕಥೆ ಹೇಳಿದರು. ಅಜ್ಜಿಗೆ ಆ ಕಥೆ ಗೊತ್ತಿತ್ತು, ತಿದ್ದುಪಡಿ ಹಾಕಿದರು. ಹಾಡು ಮುಗಿದದ್ದು ಯಾರೂ ಗಮನಿಸಲಿಲ್ಲ.

2024ರ ಫೆಬ್ರವರಿ 5ರ ಬೆಳಿಗ್ಗೆ ನನ್ನ ಮೊಬೈಲ್ ತುಂಬ ಹೂಗುಚ್ಛ, ತ್ರಿವರ್ಣ. ಗ್ರ್ಯಾಮಿಯ ಗ್ಲೋಬಲ್ ಆಲ್ಬಮ್ ಪ್ರಶಸ್ತಿ 'ಶಕ್ತಿ' ತಂಡಕ್ಕೆ ಬಂದಿತ್ತು. ಝಾಕಿರ್ ಹುಸೇನ್, ಶಂಕರ್ ಮಹದೇವನ್, ಸೆಲ್ವಗಣೇಶ್, ಗಣೇಶ್ ರಾಜಗೋಪಾಲನ್, ಜೊತೆಗೆ ಜಾನ್ ಮೆಕ್‌ಲಾಫ್ಲಿನ್. ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ. ಸೋತವರಲ್ಲಿ 'ಐ ಟೋಲ್ಡ್ ದೆಮ್' ಇತ್ತು ಅಂತ ಯಾವ ಫಾರ್ವರ್ಡಿನಲ್ಲೂ ಇರಲಿಲ್ಲ. ಗ್ಲೋಬಲ್ ಪರ್ಫಾರ್ಮೆನ್ಸ್ ವಿಭಾಗದಲ್ಲೂ ಬರ್ನಾ ಸೋತಿದ್ದು ಝಾಕಿರ್ ಹುಸೇನರಿದ್ದ 'ಪಶ್ತೊ'ಗೆ. ಆ ವಿಭಾಗದ ಪಟ್ಟಿ ಒಮ್ಮೆ ನೋಡಬೇಕು. ತಬಲಾ ಮತ್ತು ಬ್ಯಾಂಜೊ ಜುಗಲ್‌ಬಂದಿ, ಬರ್ನಾ, ನೈಜೀರಿಯಾದ ಇನ್ನೊಬ್ಬ ಗಾಯಕ ಡವಿಡೊ, ಜೊತೆಗೆ ನಮ್ಮ ಪ್ರಧಾನಿಯ ಮಾತುಗಳಿರುವ ಸಿರಿಧಾನ್ಯದ ಹಾಡು! ಇವನ್ನೆಲ್ಲ ಯಾವ ತಕ್ಕಡಿಯಲ್ಲಿ ತೂಗುತ್ತಾರೋ. ಬಿಸ್ಕತ್ ಡಬ್ಬಿಯ ಹೆಸರು ಬದಲಾಗಿದೆ, ಒಳಗಿರುವುದು ಅದೇ.

ಆ ವರ್ಷವೇ ಆಫ್ರಿಕದ ಸಂಗೀತಕ್ಕೆ ಅಂತ ಬೇರೆ ವಿಭಾಗ ಮಾಡಿದ್ದರು, ಅದನ್ನು ದಕ್ಷಿಣ ಆಫ್ರಿಕದ ಟೈಲಾ ಗೆದ್ದಳು. ರ್‍ಯಾಪಿನ ವಿಭಾಗದಲ್ಲಿ ಬೇರೆ ಯಾರೋ. ನಾಲ್ಕು ಕಡೆ ಹೆಸರು, ನಾಲ್ಕೂ ಕಡೆ ಸೋಲು. ಆದರೆ ಅದೇ ರಾತ್ರಿ ಟಿವಿಯಲ್ಲಿ ಬಂದ ಮುಖ್ಯ ಕಾರ್ಯಕ್ರಮದಲ್ಲಿ ಅವನು ಹಾಡಿದ, ಪಕ್ಕದಲ್ಲಿ ಖುದ್ದು ಬ್ರ್ಯಾಂಡಿ, ಇನ್ನೊಂದು ಕಡೆ 21 ಸ್ಯಾವೇಜ್. ಆ ವಿಡಿಯೋ ನಾನು ಆಫೀಸಿನ ಊಟದ ಟೇಬಲ್ಲಿನಲ್ಲಿ ಎರಡು ಸಲ ನೋಡಿದೆ. ಸೋತವನ ಥರ ಕಾಣಲಿಲ್ಲ.

ಸಂಜೆ ದೊಡ್ಡಪ್ಪನಿಗೆ ಫೋನ್ ಮಾಡಿದೆ. ಅಷ್ಟರಲ್ಲಿ ಅವರಿಗೆ ಸುದ್ದಿ ಗೊತ್ತಾಗಿತ್ತು.

"ಝಾಕಿರ್ ಹುಸೇನರಿಗೆ ಒಂದೇ ದಿನ ಮೂರು ಬಂತಂತಲ್ಲ ತಂಗಿ."

"ಹೌದು ದೊಡ್ಡಪ್ಪಾ. ಅದ್ರಲ್ಲಿ ಎರಡು, ಆವತ್ತು ನೀವು ಕೇಳಿದ್ರಲ್ಲ, ಆ ಹುಡುಗನ ಕೈ ತಪ್ಪಿಸಿ ಬಂದಿದ್ದು."

"ಯಾರು, ಆ ಬೈಯೋನಾ? ಅವನಿಗೆ ಎಷ್ಟು ಬಂತು?"

"ಒಂದೂ ಇಲ್ಲ."

ಆ ಕಡೆಯಿಂದ ನಗು ಕೇಳಿತು. "ಹಾಗಾದ್ರೆ ಮುಂದಿನ ಸಲ ಇನ್ನೂ ಜೋರಾಗಿ ಬೈತಾನೆ. ಸುಲಿಯೋಕೆ ಬಂದಾಗ ತಗೊಂಡು ಬಾ, ಈ ಸಲ ಯಾರಿಗೆ ಅಂತ ನೋಡೋಣ."